ಮೇಗುತಿ ಬೆಟ್ಟದ ಬೌದ್ಧಗುಡಿ

ಐಹೊಳೆಗೆ ಹೋಗಿಬಂದವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಕುರಿತು ಮಾತನಾಡುತ್ತಾರೆ. ಒಂದು, ದುರ್ಗಗುಡಿಯ ಚೆಲುವು; ಇನ್ನೊಂದು, ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಸಾರುವ ರವಿಕೀರ್ತಿಯ ಶಾಸನ. ಆ ಶಾಸನವಿರುವ ಮೇಗುತಿ ಬೆಟ್ಟವನ್ನು ಏರುವ ದಾರಿಯಲ್ಲಿಯೇ, ನೆತ್ತಿಗೆ ತುಸು ಕೆಳಗೆ, ಬಂಡೆಗೆ ಬೆನ್ನು ಕೊಟ್ಟು ನಿಂತಿರುವ ಎರಡಂತಸ್ತಿನ ಬೌದ್ಧಗುಡಿಯೊಂದಿದೆ. ಅದರ ಮಾತನ್ನೆತ್ತುವವರು ವಿರಳ. ನಾನೂ ಬಹುಕಾಲ ಅಂಥವರ ಗುಂಪಿಗೇ ಸೇರಿದ್ದೆ.

ವಿದ್ಯಾರ್ಥಿದೆಸೆಯಲ್ಲಿ ಮೊದಲ ಬಾರಿ ಐಹೊಳೆಗೆ ಹೋದಾಗ ನಮ್ಮ ಮನಸ್ಸೆಲ್ಲ ಪುಲಕೇಶಿಯ ಮೇಲಿತ್ತು. ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಕನ್ನಡಿಗ ದೊರೆಯ ಹೆಸರು ಕೊರೆದ ಕಲ್ಲನ್ನು ಕಣ್ಣಾರೆ ಕಾಣಬೇಕೆಂದು ಒಬ್ಬರಿಗಿಂತ ಒಬ್ಬರು ಮುಂದಾಗಿ ಬೆಟ್ಟವನ್ನು ಏರಿದೆವು. ಶಾಸನವನ್ನು ನೋಡಿದೆವು, ಓದಲು ಬಾರದಿದ್ದರೂ ಅಕ್ಷರಗಳ ಮೇಲೆ ಕೈಯಾಡಿಸಿದೆವು. ಇಳಿಯುವಾಗ ಬಿಸಿಲು ಏರಿತ್ತು. ದಾರಿಯ ಪಕ್ಕದಲ್ಲಿ ಕಲ್ಲಿನ ಮೊಗಸಾಲೆಯೊಂದು ಕಂಡಿತು. ಅದರ ತಣ್ಣನೆಯ ನೆರಳಿನಲ್ಲಿ ಕುಳಿತು, ಬುತ್ತಿ ಬಿಚ್ಚಿ, ರೊಟ್ಟಿ ಶೇಂಗಾಚಟ್ನಿಗಳನ್ನು ಹಂಚಿಕೊಂಡು ತಿಂದು, ಕೈ ತೊಳೆದು ಹೊರಟುಬಂದೆವು. ಅದು ಯಾವ ಕಟ್ಟಡವೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅನೇಕ ವರ್ಷಗಳಾದ ಮೇಲೆ ಪುಸ್ತಕವೊಂದರಲ್ಲಿ ಆ ಮೊಗಸಾಲೆಯ ಚಿತ್ರವನ್ನು ಕಂಡು, ಕೆಳಗಿನ ವಿವರವನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾವು ಊಟಕ್ಕೆ ಕುಳಿತದ್ದು ಸುಮಾರು 1400 ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳಿದ್ದ ತಾಣದಲ್ಲಿ!

ಆದುದರಿಂದ, ನವನಗರದ ನಮ್ಮ ಶಾಲೆಯಿಂದ ಒಂಬತ್ತನೆಯ ತರಗತಿಯ ಮಕ್ಕಳನ್ನು ಐಹೊಳೆಗೆ ಕರೆದೊಯ್ಯುವ ಪ್ರಸಂಗ ಬಂದಾಗ, ಈ ಸಲ ಬೌದ್ಧಗುಡಿಯನ್ನೇ ಮೊದಲು ನೋಡತಕ್ಕದ್ದು ಎಂದು ನಿಶ್ಚಯಿಸಿಕೊಂಡೆ.

ಜನವರಿಯ ಒಂದು ಮುಂಜಾನೆ, ಇನ್ನೂ ನಸುಗತ್ತಲೆಯಿರುವಾಗಲೇ ನಮ್ಮ ಬಸ್ಸು ನವನಗರವನ್ನು ಬಿಟ್ಟಿತು. ಹುಬ್ಬಳ್ಳಿಯನ್ನು ದಾಟಿ ನವಲಗುಂದದ ದಾರಿ ಹಿಡಿಯುವ ಹೊತ್ತಿಗೆ ಬೆಳಕು ಹರಿಯಿತು. ದಾರಿಯ ಇಕ್ಕೆಲಗಳಲ್ಲಿ ಕಣ್ಣು ಹರಿಯುವಷ್ಟು ದೂರ ಎರೆಯ ಹೊಲಗಳು. ತೆನೆ ಹೊತ್ತ ಬಿಳಿಜೋಳ, ನಡುನಡುವೆ ಕಡಲೆ, ಕುಸುಬೆ. ನರಗುಂದದ ಗುಡ್ಡ ದೂರದಿಂದಲೇ ತಲೆಯೆತ್ತಿ ತೋರಿತು. ಮಲಪ್ರಭೆಯನ್ನು ದಾಟಿ ಬಾದಾಮಿಯನ್ನು ಸಮೀಪಿಸಿದಂತೆ ನೆಲದ ಬಣ್ಣವೇ ಬದಲಾಯಿತು. ಕಪ್ಪು ಮಣ್ಣಿನ ಸಮತಲ ಮುಗಿದು ಕೆಂಪು ಮರಳುಗಲ್ಲಿನ ಬೆಟ್ಟಗಳು ಮೊದಲಾದವು. ಚಾಲುಕ್ಯರ ಶಿಲ್ಪಿಗಳಿಗೆ ಒದಗಿದ ಕಲ್ಲು ಇದೇ. ಪದರಪದರವಾಗಿ ಬಿಡುವ, ಉಳಿಗೆ ಒಗ್ಗುವ ಈ ಕಲ್ಲು ಇಲ್ಲದಿದ್ದರೆ ಬಾದಾಮಿಯ ಗುಹೆಗಳೂ ಇರುತ್ತಿರಲಿಲ್ಲ, ನಾವು ನೋಡಹೊರಟಿದ್ದ ಗುಡಿಯೂ ಇರುತ್ತಿರಲಿಲ್ಲ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರು, ಅಲ್ಲಿಂದ ಐಹೊಳೆಗೆ ಸುಮಾರು 13.

ಐಹೊಳೆ ಈಗ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿಗೆ ಸೇರಿದ ಒಂದು ಹಳ್ಳಿ. ಮನೆಗಳ ನಡುವೆ ಗುಡಿಗಳು, ಗುಡಿಗಳ ನಡುವೆ ಮನೆಗಳು. ಪ್ರಾಚೀನ ಶಾಸನಗಳಲ್ಲಿ ಇದರ ಹೆಸರು ಅಯ್ಯಾವೊಳೆ, ಆರ್ಯಪುರ. ಅಯ್ಯಾವೊಳೆ ಐನೂರ್ವರು ಎಂಬ ಪ್ರಸಿದ್ಧ ವರ್ತಕ ಸಂಘ ಈ ಊರಿನ ಹೆಸರನ್ನು ಹೊತ್ತು ದಕ್ಷಿಣ ಭಾರತದಲ್ಲೆಲ್ಲ, ಕಡಲಾಚೆಯ ನಾಡುಗಳಲ್ಲಿಯೂ ವ್ಯಾಪಾರ ನಡೆಸಿತು. ಈ ವರ್ತಕರ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಮಕ್ಕಳಿಗೆ ಹೇಳಿದೆ. ಬೆಟ್ಟದ ಮೇಲೆ ಅದು ಮತ್ತೆ ಬೇಕಾಗುವುದಿತ್ತು.

ಊರಿನ ಆಗ್ನೇಯಕ್ಕಿರುವ ಮೇಗುತಿ ಬೆಟ್ಟ ಬಹಳ ಎತ್ತರದ್ದೇನೂ ಅಲ್ಲ. ಮೆಟ್ಟಿಲುಗಳನ್ನು ಏರುತ್ತ ಹೋದಂತೆ ಊರು ಕೆಳಗಿಳಿಯುತ್ತದೆ; ಮಲಪ್ರಭೆಯ ಬಾಗು ನಿಧಾನವಾಗಿ ಕಣ್ಣಿಗೆ ಬೀಳುತ್ತದೆ. ನೆತ್ತಿ ಇನ್ನು ಸ್ವಲ್ಪ ದೂರವಿರುವಾಗ, ಮೊದಲ ಪ್ರವಾಸದಲ್ಲಿ ನಾವು ಗಮನಿಸದೆ ಹೋದ ಗುಡಿ ಎದುರಾಯಿತು. ಹುಡುಗರಲ್ಲಿ ಕೆಲವರು ಅದನ್ನು ದಾಟಿ ಮುಂದೆ ಓಡಿಯೂಬಿಟ್ಟಿದ್ದರು. ಅವರನ್ನು ಕೂಗಿ ಕರೆಯಬೇಕಾಯಿತು. ಅವರ ಮೇಲೆ ಸಿಟ್ಟುಮಾಡುವ ಅಧಿಕಾರ ನನಗಿರಲಿಲ್ಲವಷ್ಟೆ.

ಈ ಗುಡಿ ಪೂರ್ತಿಯಾಗಿ ಕಟ್ಟಿದ್ದೂ ಅಲ್ಲ, ಪೂರ್ತಿಯಾಗಿ ಕೊರೆದದ್ದೂ ಅಲ್ಲ. ಹಿಂಭಾಗ ಬೆಟ್ಟದ ಬಂಡೆಯಲ್ಲಿ ಕೊರೆದದ್ದು. ಮುಂಭಾಗ ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ಕೆಳಗೊಂದು, ಮೇಲೊಂದು, ಹೀಗೆ ಎರಡು ಉದ್ದನೆಯ ಮೊಗಸಾಲೆಗಳಿವೆ. ಒಂದೊಂದರ ಮುಂದೆಯೂ ಚೌಕಾಕಾರದ ನಾಲ್ಕು ಕಂಬಗಳು, ಎರಡು ಪಕ್ಕದ ಗೋಡೆಗಳಿಗೆ ಅಂಟಿಕೊಂಡಂತೆ ಎರಡು ಅರೆಗಂಬಗಳು. ಮೊಗಸಾಲೆಯ ಹಿಂದೆ ಬಂಡೆಯೊಳಗೆ ಸಣ್ಣ ಕೋಣೆಗಳು. ಕೆಳಗಿನ ಕೋಣೆಯ ಬಾಗಿಲವಾಡದಲ್ಲಿ ಸೂಕ್ಷ್ಮವಾದ ಕೆತ್ತನೆಯಿದೆ. ಮೇಲಂತಸ್ತಿನಲ್ಲಿ ಕೊಡೆಯ ಕೆಳಗೆ ಕುಳಿತ ಬುದ್ಧನ ಉಬ್ಬುಶಿಲ್ಪವಿದೆ. ಗೋಪುರವಿಲ್ಲ, ಶಿಖರವಿಲ್ಲ, ದೂರದಿಂದ ನೋಡಿದವರಿಗೆ ಗುಡಿಯೆಂಬ ಭಾವನೆಯೇ ಬಾರದು. ಇದನ್ನು ಕೆಲವು ವಿದ್ವಾಂಸರು ಚೈತ್ಯವೆನ್ನುತ್ತಾರೆ, ಕೆಲವರು ವಿಹಾರವೆನ್ನುತ್ತಾರೆ. ಚೈತ್ಯವೆಂದರೆ ಬೌದ್ಧರ ಪೂಜಾಸ್ಥಾನ. ವಿಹಾರವೆಂದರೆ ಭಿಕ್ಷುಗಳ ವಾಸಸ್ಥಾನ. ಕ್ರಿ.ಶ. ಆರನೆಯ ಶತಮಾನದ ಕೊನೆಯ ಭಾಗ ಇದರ ಕಾಲ. ಬಾದಾಮಿಯ ಮೂರನೆಯ ಗುಹೆಯನ್ನು ವಿಷ್ಣುವಿಗಾಗಿ ಮಂಗಳೇಶನು ಮುಗಿಸಿದ್ದು 578ರಲ್ಲಿ. ಹೆಚ್ಚುಕಡಿಮೆ ಅದೇ ತಲೆಮಾರಿನ ಶಿಲ್ಪಿಗಳ ಕೈಕೆಲಸವಿದು.

ಗುಡಿಯ ಮುಂದೆ ಕುಳಿತ ಭಂಗಿಯ ಒಂದು ಮೂರ್ತಿಯಿದೆ. ಅದಕ್ಕೆ ತಲೆಯಿಲ್ಲ. ಮಕ್ಕಳು ಅದರ ಸುತ್ತ ನೆರೆದರು.

“ಸರ್, ಮುಖವೇ ಇಲ್ಲವಲ್ಲ! ಇದು ಬುದ್ಧನ ಮೂರ್ತಿಯೆಂದು ಹೇಗೆ ಹೇಳುವುದು?” ಎಂದು ಒಬ್ಬ ಹುಡುಗಿ ಕೇಳಿದಳು.

ಒಳ್ಳೆಯ ಪ್ರಶ್ನೆ. ಇದೇ ಬೆಟ್ಟದ ಮೇಲೆ ಜೈನ ಬಸದಿಯೂ ಇದೆ. ತೀರ್ಥಂಕರರ ಮೂರ್ತಿಗಳೂ ಹೀಗೆಯೇ ಕಾಲು ಮಡಿಚಿ, ನೆಟ್ಟನೆ ಕುಳಿತಿರುತ್ತವೆ. ಎರಡನ್ನೂ ಬೇರ್ಪಡಿಸಿ ತಿಳಿಯಲು ಶಿಲ್ಪಶಾಸ್ತ್ರ ಬಲ್ಲವರು ಮುಖಕ್ಕಿಂತ ಮೊದಲು ಮೈಯನ್ನು ನೋಡುತ್ತಾರೆ. ದಿಗಂಬರ ಜಿನಬಿಂಬದ ಮೈಮೇಲೆ ವಸ್ತ್ರದ ಗುರುತಿರುವುದಿಲ್ಲ. ಬುದ್ಧನ ಮೈಮೇಲೆ ಚೀವರವಿರುತ್ತದೆ. ಚೀವರವೆಂದರೆ ಭಿಕ್ಷುವಿನ ಹೊದಿಕೆ. ಅದು ಎಷ್ಟೇ ತೆಳುವಾಗಿ ಮೈಗಂಟಿಕೊಂಡಿದ್ದರೂ ಅದರ ಅಂಚನ್ನು ಶಿಲ್ಪಿ ಒಂದು ಗೆರೆಯಿಂದಾದರೂ ಸೂಚಿಸುತ್ತಾನೆ. ಕೈಗಳ ಮುದ್ರೆಯೂ ಸಹಾಯಕ್ಕೆ ಬರುತ್ತದೆ. ಉಪದೇಶಿಸುವ ಬುದ್ಧನ ಕೈ ಎದೆಯ ಮಟ್ಟಕ್ಕೆ ಏರಿರುತ್ತದೆ. ಧ್ಯಾನದಲ್ಲಿರುವ ಬುದ್ಧನ ಎರಡು ಕೈಗಳೂ ಮಡಿಲಲ್ಲಿರುತ್ತವೆ. ಇಷ್ಟನ್ನು ಹೇಳಿದ ಮೇಲೆ ಆ ಹುಡುಗಿ ಮೂರ್ತಿಯ ಮುಂದೆ ಮೊಣಕಾಲೂರಿ ಕುಳಿತು ಭುಜದಿಂದ ಪಾದದವರೆಗೆ ಬಹಳ ಹೊತ್ತು ಪರೀಕ್ಷಿಸಿದಳು. ಉಳಿದವರು ತಲೆಯಿಲ್ಲದ ಮೂರ್ತಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಅವಸರದಲ್ಲಿದ್ದರು.

ನಾವು ಮೊಗಸಾಲೆಯೊಳಗೆ ಹೋಗುವಾಗ ಅಲ್ಲಿ ಒಬ್ಬ ವೃದ್ಧ ಕುಳಿತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬೆಟ್ಟದ ಕೆಳಗಿನ ಇಳಿಜಾರಿನಲ್ಲಿ ಅವನ ಕುರಿಗಳು ಮೇಯುತ್ತಿದ್ದವು.

“ಅಜ್ಜಾ, ಇದು ಯಾರ ಗುಡಿ?” ಎಂದು ಒಬ್ಬ ಹುಡುಗ ಕೇಳಿದ.

“ಬುದ್ಧಂದು ಅಂತಾರಪಾ ತಮ್ಮಾ. ಓದಿದವರು ಬಂದು ಹೇಳ್ತಾರ. ನಮಗರ ಇದು ಮಳಿ ಬಂದ್ರ ನಿಲ್ಲೋ ಜಾಗಾ. ನಮ್ಮಪ್ಪನೂ ಮಳ್ಯಾಗ ಇಲ್ಲೇ ನಿಲ್ಲತಿದ್ದ.”

ಹುಡುಗರು ನಕ್ಕರು. ನಾನು ಮಾತ್ರ ಆ ಮಾತಿಗೆ ಬೆರಗಾದೆ. ಅಜ್ಜ ಹೇಳಿದ್ದರಲ್ಲಿ ಬೌದ್ಧ ವಿಹಾರಗಳ ಇತಿಹಾಸದ ಮೊದಲ ಪುಟವೇ ಅಡಗಿತ್ತು.

ಬುದ್ಧನ ಶಿಷ್ಯರು ಮೊದಲಿಗೆ ಮನೆಯಿಲ್ಲದವರು. ಊರಿಂದೂರಿಗೆ ನಡೆಯುತ್ತ, ಮರದ ಕೆಳಗೋ ಗವಿಯಲ್ಲೋ ಮಲಗುತ್ತ ಕಾಲ ಕಳೆಯುವುದೇ ಅವರ ನಿಯಮವಾಗಿತ್ತು. ಆದರೆ ಮಳೆಗಾಲದಲ್ಲಿ ಹಾಗೆ ಅಲೆದರೆ ಮೊಳೆತ ಪೈರು ಕಾಲ್ತುಳಿತಕ್ಕೆ ಸಿಕ್ಕುತ್ತದೆ. ನೆಲದಿಂದ ಎದ್ದ ಸಣ್ಣಪುಟ್ಟ ಜೀವಿಗಳು ಸಾಯುತ್ತವೆ. ಜನ ಹೀಗೆ ಆಕ್ಷೇಪಿಸಿದುದರಿಂದ ಬುದ್ಧನು ಮಳೆಗಾಲದ ಮೂರು ತಿಂಗಳು ಒಂದೆಡೆ ನೆಲೆ ನಿಲ್ಲುವ ನಿಯಮವನ್ನು ಮಾಡಿದನೆಂದು ಬೌದ್ಧರ ವಿನಯಗ್ರಂಥಗಳು ಹೇಳುತ್ತವೆ. ಇದಕ್ಕೆ ವರ್ಷಾವಾಸವೆಂದು ಹೆಸರು. ಮಳೆಗೆ ನಿಲ್ಲಲು ಒಂದು ಸೂರು ಬೇಕಾಯಿತು. ಆ ಸೂರೇ ಮುಂದೆ ವಿಹಾರವಾಯಿತು. ಮಗಧದ ದೊರೆ ಬಿಂಬಿಸಾರನು ರಾಜಗೃಹದ ಹೊರಗಿನ ವೇಣುವನವನ್ನು ಬುದ್ಧನಿಗೆ ದಾನ ಮಾಡುವಾಗ, ಆ ಸ್ಥಳ ಊರಿಗೆ ತೀರ ಹತ್ತಿರವೂ ಆಗಬಾರದು, ತೀರ ದೂರವೂ ಆಗಬಾರದು ಎಂದು ಯೋಚಿಸಿದನಂತೆ. ಹತ್ತಿರವಾದರೆ ಗದ್ದಲ, ದೂರವಾದರೆ ಭಿಕ್ಷೆಗೆ ಹೋಗಿಬರುವುದು ಕಷ್ಟ. ಮೇಗುತಿಯ ಮೊಗಸಾಲೆಯಲ್ಲಿ ನಿಂತು ಕೆಳಗೆ ನೋಡಿದರೆ ಆ ಯೋಚನೆ ಅರ್ಥವಾಗುತ್ತದೆ. ಊರಿನ ಮನೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಊರಿನ ಗದ್ದಲ ಇಲ್ಲಿಗೆ ಏರಿ ಬರುವುದಿಲ್ಲ. ಮುಂಜಾನೆ ಪಾತ್ರೆ ಹಿಡಿದು ಇಳಿದ ಭಿಕ್ಷು ನಡುಹಗಲಿಗೆ ಮುನ್ನ ಮೇಲೇರಿ ಬಂದು ಉಣ್ಣಬಹುದಾಗಿತ್ತು. ನಡುಹಗಲು ಕಳೆದ ಮೇಲೆ ಭಿಕ್ಷುಗಳು ಉಣ್ಣುವಂತಿರಲಿಲ್ಲ.

“ಬೌದ್ಧ ಧರ್ಮ ಹುಟ್ಟಿದ್ದು ಉತ್ತರದಲ್ಲಿ. ಇಷ್ಟು ದೂರ ಅದು ಹೇಗೆ ಬಂತು, ಸರ್?” ಎಂದು ಮತ್ತೊಬ್ಬ ಕೇಳಿದ. ಕೆಳಗಿನ ಮೊಗಸಾಲೆಯಲ್ಲಿಯೇ ಮಕ್ಕಳನ್ನು ಸಾಲಾಗಿ ಕೂರಿಸಿ ಆ ಕಥೆಯನ್ನು ಹೇಳಿದೆ. ಅಜ್ಜನೂ ಕೋಲನ್ನು ಪಕ್ಕಕ್ಕಿಟ್ಟು ಕೇಳುತ್ತ ಕುಳಿತ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯ ಆಳ್ವಿಕೆ ಕನ್ನಡ ನಾಡಿನ ಬಹುಭಾಗವನ್ನು ಒಳಗೊಂಡಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅವನ ಶಾಸನಗಳನ್ನು ಪತ್ತೆಹಚ್ಚಿದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನವಂತೂ ಒಂದು ದೊಡ್ಡ ಸಮಸ್ಯೆಯನ್ನು ಬಿಡಿಸಿತು. ಅದುವರೆಗೆ ಸಿಕ್ಕ ಬಂಡೆಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರವಿತ್ತು. ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಕಾಣಿಸಿತು. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುವ ರೈಲುದಾರಿಯಲ್ಲಿರುವ ಕೊಪ್ಪಳದಲ್ಲಿಯೂ ಗವಿಮಠದ ಬಂಡೆ ಮತ್ತು ಪಾಲ್ಕಿಗುಂಡುಗಳ ಮೇಲೆ ಅಶೋಕನ ಎರಡು ಶಾಸನಗಳಿವೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷು ವನವಾಸಕ್ಕೂ ಮಹಾದೇವನೆಂಬ ಭಿಕ್ಷು ಮಹಿಷಮಂಡಲಕ್ಕೂ ಧರ್ಮಪ್ರಚಾರಕ್ಕಾಗಿ ಹೋದರೆಂದು ಸಿಂಹಳದ ಮಹಾವಂಸ ಹೇಳುತ್ತದೆ. ವನವಾಸವೆಂದರೆ ನಮ್ಮ ಬನವಾಸಿ.

ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ನದಿಯ ದಡದ ಕನಗನಹಳ್ಳಿಯಲ್ಲಿ, ಮಣ್ಣಿನಡಿ ಹೂತುಹೋಗಿದ್ದ ಮಹಾಸ್ತೂಪವನ್ನು ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದು ಹೊರತೆಗೆಯಿತು. ಅಲ್ಲಿಯ ಒಂದು ಶಿಲಾಫಲಕದಲ್ಲಿ ರಾಣಿಯೊಡನೆ ನಿಂತ ರಾಜನ ಚಿತ್ರವಿದೆ. ಅದರ ಮೇಲೆ ‘ರಾಯ ಅಶೋಕ’ನೆಂಬ ಅರ್ಥದ ಬರಹವಿದೆ. ಅಶೋಕನ ಹೆಸರು ಹೊತ್ತ ಇಂಥ ಚಿತ್ರವನ್ನು ನೋಡಬೇಕಾದರೆ ಇಂದಿಗೂ ನಮ್ಮ ನಾಡಿಗೇ ಬರಬೇಕು.

ಇವೆಲ್ಲ ದೊರೆಗಳ ಮಾತಾಯಿತು. ಆದರೆ ದೊರೆಗಳ ಆಶ್ರಯದಿಂದ ಮಾತ್ರ ಈ ಧರ್ಮ ಬೇರೂರಲಿಲ್ಲ. ಮುಂಬಯಿ ಪುಣೆಗಳ ನಡುವೆ ಕಾರ್ಲೆಯಲ್ಲಿ ಬೆಟ್ಟವನ್ನು ಕೊರೆದು ಮಾಡಿದ ಮಹಾಚೈತ್ಯವಿದೆ. ನಮ್ಮ ದೇಶದ ಚೈತ್ಯಗಳಲ್ಲಿ ಅದೇ ಅತ್ಯಂತ ವಿಶಾಲವಾದದ್ದು. ಅದನ್ನು ಪೂರ್ಣಗೊಳಿಸಿದವನು ವೈಜಯಂತಿಯ ಭೂತಪಾಲನೆಂಬ ಸೆಟ್ಟಿ ಎಂದು ಅಲ್ಲಿಯ ಶಾಸನ ಹೇಳುತ್ತದೆ. ವೈಜಯಂತಿ ಎಂಬುದು ಬನವಾಸಿಯ ಇನ್ನೊಂದು ಹೆಸರು. ಎರಡು ಸಾವಿರ ವರ್ಷಗಳ ಹಿಂದೆ ಬನವಾಸಿಯ ವರ್ತಕನೊಬ್ಬ ಅಷ್ಟು ದೂರದ ಬೆಟ್ಟದಲ್ಲಿ ಹಣ ಸುರಿದನೆಂದರೆ, ಅವನಿಗೂ ಆ ದಾರಿಗೂ ಏನೋ ಸಂಬಂಧವಿದ್ದಿರಲೇಬೇಕು. ಕರಾವಳಿಯಿಂದ ಘಟ್ಟವನ್ನೇರುವ ವ್ಯಾಪಾರದ ದಾರಿಗಳ ಬದಿಯಲ್ಲಿಯೇ ಇಂಥ ಗುಹೆಗಳಿವೆ. ಎತ್ತುಗಳ ಮೇಲೆ ಸರಕು ಹೇರಿಕೊಂಡು ನಡೆಯುವ ವರ್ತಕ ಮತ್ತು ಪಾತ್ರೆ ಹಿಡಿದು ನಡೆಯುವ ಭಿಕ್ಷು, ಇಬ್ಬರೂ ದಾರಿಹೋಕರು. ಒಬ್ಬನಿಗೆ ಇನ್ನೊಬ್ಬನು ಬೇಕಾಗಿದ್ದ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನದಲ್ಲಿಯೂ ರಾಜಕುಮಾರಿಯೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿಕೊಟ್ಟ ಸಂಗತಿಯಿದೆ.

ಈಗ ನಾವು ಕುಳಿತಿದ್ದ ಗುಡಿಯ ಕಾಲಕ್ಕೆ ಬರೋಣ. ಚಾಲುಕ್ಯ ದೊರೆಗಳು ಬೌದ್ಧರಲ್ಲ. ವಿಷ್ಣು ಶಿವರ ಭಕ್ತರು. ಹಾಗಿದ್ದರೂ ಅವರ ನಾಡಿನಲ್ಲಿ ಬೌದ್ಧರು ಗಣನೀಯ ಸಂಖ್ಯೆಯಲ್ಲಿದ್ದರು. ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಏಳನೆಯ ಶತಮಾನದ ಮಧ್ಯಭಾಗದಲ್ಲಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದನು. ಅಲ್ಲಿ ನೂರಕ್ಕೂ ಮಿಕ್ಕ ಸಂಘಾರಾಮಗಳಿದ್ದವೆಂದೂ ಸುಮಾರು 5000 ಭಿಕ್ಷುಗಳಿದ್ದರೆಂದೂ, ಹೀನಯಾನ ಮಹಾಯಾನಗಳೆರಡನ್ನೂ ಅವರು ಅಭ್ಯಾಸ ಮಾಡುತ್ತಿದ್ದರೆಂದೂ ಬರೆದಿಟ್ಟಿದ್ದಾನೆ. ಸಂಘಾರಾಮವೆಂದರೆ ಭಿಕ್ಷುಗಳು ಕೂಡಿ ಬಾಳುವ ಮಠ. ಅಂಥ ನೂರು ಮಠಗಳಲ್ಲಿ ನಮ್ಮ ಕಣ್ಣಿಗೆ ಕಾಣುವಂತೆ ಉಳಿದವು ಎಷ್ಟು? ಮೇಗುತಿಯ ಈ ಮೊಗಸಾಲೆಗಳ ಮಹತ್ವ ಆಗ ತಿಳಿಯುತ್ತದೆ. ಉಳಿದವುಗಳಲ್ಲಿ ಬಹಳಷ್ಟು ಇಟ್ಟಿಗೆ ಮರಗಳವಾಗಿದ್ದಿರಬೇಕು. ಇದು ಬೆಟ್ಟದ ಭಾಗವೇ ಆಗಿದ್ದರಿಂದ ಬೆಟ್ಟದೊಡನೆ ಉಳಿದುಕೊಂಡಿತು.

ಅಜ್ಜನಿಗೆ ನಮಸ್ಕಾರ ಹೇಳಿ ನೆತ್ತಿಗೇರಿದೆವು. ಮೇಲಿನ ಗುಡಿ, ಮೇಲ್ಗುಡಿ, ಎಂಬುದೇ ಜನರ ಬಾಯಲ್ಲಿ ಮೇಗುತಿ ಆಯಿತೆಂದು ಹೇಳುತ್ತಾರೆ. ಬಸದಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಕಾಲ ಶಕವರ್ಷ 556, ಎಂದರೆ ಕ್ರಿ.ಶ. 634. ಜೈನ ಕವಿಯಾದ ರವಿಕೀರ್ತಿ ತಾನು ಕಟ್ಟಿಸಿದ ಜಿನಾಲಯದ ಗೋಡೆಯ ಮೇಲೆ ತನ್ನ ಒಡೆಯನ ದಿಗ್ವಿಜಯಗಳನ್ನು ವರ್ಣಿಸಿ, ತಾನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮಾನನೆಂದು ಹೇಳಿಕೊಂಡಿದ್ದಾನೆ. ವಿನಯ ಅವನ ದೊಡ್ಡ ಗುಣವೇನೂ ಆಗಿರಲಿಲ್ಲ! ಆದರೆ ಆ ಒಂದು ಸಾಲಿನಿಂದಲೇ ಕಾಳಿದಾಸ ಭಾರವಿಗಳು 634ಕ್ಕಿಂತ ಮುಂಚಿನವರೆಂಬುದು ಖಚಿತವಾಯಿತು. ಬಸದಿಯ ಹಿಂದಿನ ಬಯಲಿನಲ್ಲಿ ಇವೆಲ್ಲಕ್ಕಿಂತ ಎಷ್ಟೋ ಪ್ರಾಚೀನವಾದ ಕಲ್ಲುಗೋರಿಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಈ ಗೋರಿಗಳು ಬೃಹತ್ ಶಿಲಾಯುಗದ ಜನರವು. ಸತ್ತವರಿಗೆ ಮನೆ ಕಟ್ಟಿದವರು, ಭಿಕ್ಷುಗಳಿಗೆ ಮನೆ ಕೊರೆದವರು, ಜಿನನಿಗೆ ಗುಡಿ ಎತ್ತಿದವರು ಎಲ್ಲರೂ ಇದೇ ಬೆಟ್ಟವನ್ನು ಆರಿಸಿಕೊಂಡರು.

ನೆತ್ತಿಯಿಂದ ದುರ್ಗಗುಡಿಯ ಹಿಂಭಾಗವನ್ನು ಮಕ್ಕಳಿಗೆ ತೋರಿಸಿದೆ. ಅದು ಚೌಕವಾಗಿಲ್ಲ, ಆನೆ ಕುಳಿತಾಗ ಅದರ ಹಿಂಬದಿ ಕಾಣುವಂತೆ ದುಂಡಗಿದೆ. ಇದನ್ನು ಗಜಪೃಷ್ಠವೆನ್ನುತ್ತಾರೆ. ಕಾರ್ಲೆಯಂಥ ಬೌದ್ಧ ಚೈತ್ಯಗಳ ಒಳಗಿನ ಆಕಾರವೂ ಇದೇ. ಧರ್ಮ ಬೇರೆಯಾದರೂ ಕಟ್ಟಡದ ಆಕಾರವನ್ನು ಪಡೆದುಕೊಳ್ಳಲು ಶಿಲ್ಪಿಗಳು ಹಿಂಜರಿಯಲಿಲ್ಲ.

ಇಳಿಯುವಾಗ ಮೊದಲು ಪ್ರಶ್ನೆ ಕೇಳಿದ ಹುಡುಗಿ ನನ್ನ ಜೊತೆಗೇ ನಡೆಯುತ್ತಿದ್ದಳು. “ಹಾಗಾದರೆ ಆ 5000 ಭಿಕ್ಷುಗಳು ಎಲ್ಲಿ ಹೋದರು, ಸರ್?” ಎಂದಳು.

ಅವರು ಒಂದೇ ದಿನ ಮಾಯವಾಗಲಿಲ್ಲ. ಮಂಗಳೂರಿನ ಕದಿರೆಯ ಬೆಟ್ಟದ ತಪ್ಪಲಲ್ಲಿ ಆಳುಪ ಅರಸ ಕುಂದವರ್ಮನು ಲೋಕೇಶ್ವರನ ಕಂಚಿನ ಮೂರ್ತಿಯನ್ನು ಪ್ರತಿಷ್ಠೆ ಮಾಡಿದ್ದು 968ರಲ್ಲಿ. ಲೋಕೇಶ್ವರನು ಬೌದ್ಧರ ಕರುಣಾಮೂರ್ತಿಯಾದ ಬೋಧಿಸತ್ವ. ಆ ಚೆಲುವಾದ ಮೂರ್ತಿ ಈಗಲೂ ಕದ್ರಿಯ ಮಂಜುನಾಥ ದೇವಾಲಯದಲ್ಲಿದೆ. ಶಿಕಾರಿಪುರದ ಬಳಿಯ ಬಳ್ಳಿಗಾವಿಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧರ ಮಠಗಳು ಒಂದೇ ಊರಿನಲ್ಲಿದ್ದವು. ಅಲ್ಲಿ 1065ರಲ್ಲಿ ಹೊಸ ವಿಹಾರವೇ ಕಟ್ಟಲ್ಪಟ್ಟಿತು. ನಮಗೆ ಇನ್ನೂ ಸಮೀಪದ ಉದಾಹರಣೆ ಗದಗು ಜಿಲ್ಲೆಯ ಡಂಬಳ. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನವೊಂದು ಅಲ್ಲಿದ್ದ ಎರಡು ವಿಹಾರಗಳ ಮಾತನ್ನು ಹೇಳುತ್ತದೆ. ಒಂದು ಬುದ್ಧನದು, ಅದನ್ನು ಊರಿನ ಹದಿನಾರು ಜನ ಸೆಟ್ಟರು ಕೂಡಿ ಕಟ್ಟಿಸಿದರು. ಇನ್ನೊಂದು ತಾರಾದೇವಿಯದು, ಅದನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ. ಲೊಕ್ಕಿಗುಂಡಿ ಎಂದರೆ ಇಂದಿನ ಲಕ್ಕುಂಡಿ. ತಾರೆ ಎಂದರೆ ದಾಟಿಸುವವಳು. ಕಳ್ಳರಿಂದ, ನೀರಿನಿಂದ, ಕಾಡುಮೃಗಗಳಿಂದ ದಾರಿಹೋಕರನ್ನು ಕಾಯುವ ತಾಯಿ. ವರ್ತಕರಿಗೆ ಅವಳಲ್ಲಿ ಭಕ್ತಿ ಏಕಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭೂತಪಾಲನಿಂದ ಸಂಗವಯ್ಯನವರೆಗೆ ಒಂದು ಸಾವಿರ ವರ್ಷಗಳ ಅಂತರ. ಈ ದೀರ್ಘಾವಧಿಯಲ್ಲಿ ಭಿಕ್ಷುವಿನ ಪಾತ್ರೆಗೆ ಅನ್ನ ಹಾಕಿದ ಕೈಗಳಲ್ಲಿ ವರ್ತಕರ ಕೈ ದೊಡ್ಡದು. ಭಿಕ್ಷು ಉಳುವಂತಿಲ್ಲ, ಹಣ ಮುಟ್ಟುವಂತಿಲ್ಲ, ನಾಳೆಗೆಂದು ಅನ್ನ ಕೂಡಿಡುವಂತಿಲ್ಲ. ಊರು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಜೈನಧರ್ಮವೂ ವರ್ತಕರಲ್ಲಿ ಬೇರೂರಿತು, ಶೈವಮಠಗಳು ಬಲವಾದವು, ಹನ್ನೆರಡನೆಯ ಶತಮಾನದಲ್ಲಿ ಶರಣರ ಚಳವಳಿ ದುಡಿಯುವ ಜನರನ್ನೂ ವ್ಯಾಪಾರಿಗಳನ್ನೂ ಸೆಳೆದುಕೊಂಡಿತು. ಕೊಡುವ ಕೈಗಳು ಬೇರೆ ಕಡೆಗೆ ತಿರುಗಿದಾಗ, ಬೆಟ್ಟದಿಂದ ಪಾತ್ರೆ ಹಿಡಿದು ಇಳಿದವನು ಬರಿಯ ಪಾತ್ರೆಯೊಡನೆ ಮೇಲೇರಬೇಕಾಗುತ್ತದೆ. ಕೋಣೆ ಖಾಲಿಯಾಗುವುದಕ್ಕೆ ಯುದ್ಧವೇ ಆಗಬೇಕೆಂದಿಲ್ಲ. ನನ್ನ ಮಟ್ಟಿಗೆ ತೋರುವ ಕಾರಣವಿದು. ಹಿಂಸೆಯೂ ಒತ್ತಾಯವೂ ಕೆಲವೆಡೆ ಪಾಲುಗೊಂಡವೆಂದು ಹೇಳುವ ವಿದ್ವಾಂಸರಿದ್ದಾರೆ.

ಮಾತನಾಡುತ್ತ ಮತ್ತೆ ಬೌದ್ಧಗುಡಿಯ ಮುಂದೆ ಬಂದಿದ್ದೆವು. ಹುಡುಗನೊಬ್ಬ ಕಂಬದ ಮರೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅವನ ಕೈಯಲ್ಲಿ ಚೂಪಾದ ಕಲ್ಲೊಂದಿತ್ತು. ಕಂಬದ ಮೇಲೆ ಅವನ ಹೆಸರಿನ ಮೊದಲ ಅಕ್ಷರದ ಒಂದು ಗೀಟು ಆಗಲೇ ಮೂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಮೊಗಸಾಲೆಯಿಂದ ಅಜ್ಜನ ಧ್ವನಿ ಕೇಳಿಸಿತು.

“ಬ್ಯಾಡ ತಮ್ಮಾ. ಮಳ್ಯಾಗ ಇದ ಕಂಬಕ್ಕ ಬೆನ್ನು ಹಚ್ಚಿ ಕುಂದ್ರತೀನಿ ನಾ.”

ಹುಡುಗ ಕಲ್ಲನ್ನು ಕೆಳಗೆ ಹಾಕಿದ. ಅಂಗೈಯಿಂದ ಆ ಗೀಟನ್ನು ಉಜ್ಜಿ ನೋಡಿದ, ಅದು ಹೋಗಲಿಲ್ಲ. ಮರಳುಗಲ್ಲಿನ ಮೇಲೆ ಶಿಲ್ಪಿ ಎಳೆದ ಗೆರೆ ಹೇಗೆ ನಿಲ್ಲುತ್ತದೆಯೋ ಹಾಗೆಯೇ ಅದೂ ನಿಲ್ಲುತ್ತದೆ. ಅವನು ಊರಿಗೆ ಬರುವವರೆಗೂ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ಊಟಕ್ಕೆ ನಾವು ಆ ಮೊಗಸಾಲೆಯಲ್ಲಿ ಕೂರಲಿಲ್ಲ. ಕೆಳಗಿಳಿದು ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು.

ಹುಬ್ಬಳ್ಳಿಯನ್ನು ತಲುಪಿದಾಗ ರಾತ್ರಿಯಾಗಿತ್ತು. ಚಹಾ ಕುಡಿಯಲೆಂದು ಬಸ್ ನಿಲ್ದಾಣದ ಬಳಿ ಇಳಿದೆವು. ಅಲ್ಲಿ ಕಡುಗೆಂಪು ಚೀವರದ ಮೂವರು ಭಿಕ್ಷುಗಳು ಚೀಲಗಳನ್ನು ಕಾಲ ಬಳಿಯಿಟ್ಟುಕೊಂಡು ಮುಂಡಗೋಡದ ಬಸ್ಸಿಗಾಗಿ ಕಾದಿದ್ದರು. ಹುಬ್ಬಳ್ಳಿಯವರಿಗೆ ಇದು ದಿನದ ನೋಟ. ನಮ್ಮ ಮಕ್ಕಳೂ ಅವರನ್ನು ಎಷ್ಟೋ ಸಲ ನೋಡಿದವರೇ. 1959ರಲ್ಲಿ ದಲಾಯಿ ಲಾಮಾ ಅವರೊಡನೆಯೂ ಅವರ ಹಿಂದೆಯೂ ಟಿಬೆಟ್ಟನ್ನು ತೊರೆದು ಬಂದ ಜನರಿಗೆ ಅಂದಿನ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲಿಯೂ ಅವರ ನೆಲೆ ಮೊದಲಾಯಿತು. ಲಾಸಾ ನಗರದ ಸುತ್ತಲಿನ ಮಹಾಮಠಗಳಾದ ಗಾಂದೆನ್ ಮತ್ತು ಡ್ರೆಪುಂಗ್ ಮುಂಡಗೋಡದಲ್ಲಿ ಮತ್ತೆ ಕಟ್ಟಲ್ಪಟ್ಟವು. ರಕ್ಖಿತನು ಬಂದ ಬನವಾಸಿಯ ಸೀಮೆಗೆ ಮುಂಡಗೋಡ ದೂರವಲ್ಲ.

ಕಂಬದ ಮೇಲೆ ಗೀಟೆಳೆದ ಹುಡುಗ ಅವರ ಬಳಿಗೆ ಹೋಗಿ ನಿಂತ. ಏನು ಕೇಳಬೇಕೆಂದು ಅವನಿಗೆ ತೋಚಲಿಲ್ಲವೆಂದು ಕಾಣುತ್ತದೆ. ಅವರಲ್ಲಿ ಚಿಕ್ಕವನಾದ ಭಿಕ್ಷುವೇ ನಕ್ಕು, “ಎಲ್ಲಿ ಹೋಗಿದ್ರಿ?” ಎಂದು ಕನ್ನಡದಲ್ಲಿ ಕೇಳಿದ.

“ಐಹೊಳೆಗೆ,” ಎಂದ ಹುಡುಗ. “ಅಲ್ಲಿ ನಿಮ್ಮ ಗುಡಿ ಐತ್ರಿ.”

ಅಷ್ಟರಲ್ಲಿ ಮುಂಡಗೋಡದ ಬಸ್ಸು ಬಂತು. ಭಿಕ್ಷುಗಳು ಚೀಲಗಳನ್ನೆತ್ತಿಕೊಂಡು ಹತ್ತಿದರು. ನಾವು ನವನಗರದ ದಾರಿ ಹಿಡಿದೆವು.